ಬೀಗರ ಬೀಗ

ಚಿಕ್ಕವರಿಗೂ ದೊಡ್ಡವರಿಗೂ ಅವಳು ಬೀಗದಕ್ಕ. ಅಪ್ಪನಿಂದ ಕಲಿತ ಕಸುಬು. ಕೀಲಿಕೈ ಕಳೆದುಕೊಂಡವರು, ಕೀಲಿ ಒಳಗಿಟ್ಟು ಬಾಗಿಲೆಳೆದುಕೊಂಡವರು, ಬೀರುವಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತವರು, ಎಲ್ಲರೂ ಅವಳ ಹತ್ತಿರವೇ ಬರಬೇಕು. ಹೆಂಗಸಿಗೆ ಇದೆಂಥ ಕಸುಬು ಎಂದು ಮೂಗು ಮುರಿದವರೂ ಬಂದಿದ್ದಾರೆ. ಅಂಥವರಿಗೆ ಚೆನ್ನಾಗಿ ನಾಲ್ಕು ಮಾತು ಬೈದು, ಆಮೇಲೆ ಬೀಗ ತೆಗೆದುಕೊಟ್ಟಿದ್ದಾಳೆ.

ಇಷ್ಟೆಲ್ಲ ಇದ್ದೂ ಅವಳ ಸ್ವಂತ ಮನೆಯ ಮುಂಬಾಗಿಲ ಕೀಲಿ ಬೇರೆಯವರ ಕೈಯಲ್ಲಿತ್ತು. ಬೇರೆಯವರೆಂದರೆ ಯಾರೋ ದಾರಿಹೋಕರಲ್ಲ, ಸಾಕ್ಷಾತ್ ಬೀಗರು, ಮಗಳ ಮಾವ.

ಬೀಗರದು ಎರಡಂತಸ್ತಿನ ಮನೆ. ಮೇಲೆ ಮಗ ಸೊಸೆ, ಕೆಳಗೆ ಗಂಡ ಹೆಂಡತಿ. ಕೆಳಗಿನದು ರಿಪೇರಿ ಆಗುವವರೆಗೆ ಎಂದು ಬೀಗದಕ್ಕನ ಮನೆಯ ಮುಂಭಾಗಕ್ಕೆ ಬಾಡಿಗೆಗೆ ಬಂದರು. ಅವಳು ಹಿಂದಿನ ಕೋಣೆಗೆ ಸರಿದಳು. "ಒಂದು ಕರಾರು ಬರೆಸ್ಕೊಳಕ್ಕಾ" ಎಂದು ಪಕ್ಕದ ದರ್ಜಿ ಹೇಳಿದ್ದ. "ಬೀಗರ ಹತ್ರ ಯಾರಾದ್ರೂ ಕಾಗದ ಬರೆಸ್ಕೋತಾರೇನೋ? ಮಾನ ಹೋಗಲ್ವಾ?" ಎಂದು ಅವನ ಬಾಯಿ ಮುಚ್ಚಿಸಿದ್ದಳು. ಊರಿಗೆಲ್ಲ ಗಟ್ಟಿ ಬೀಗ ಹಾಕಿಸಿ ಎಂದು ಬುದ್ಧಿ ಹೇಳುವವಳು ತನ್ನ ಮನೆಯನ್ನು ಬರೀ ನೆಂಟಸ್ತಿಕೆಯ ಮೇಲೆ ಬಿಟ್ಟುಕೊಟ್ಟಳು. ರಿಪೇರಿ ಮುಗಿಯಿತು. ಬೀಗರು ವಾಪಸ್ ಹೋದರೇ? ಎಲ್ಲಿಯ ಮಾತು! ತಮ್ಮ ಕೆಳಗಿನ ಮನೆಯನ್ನು ಔಷಧಿ ಅಂಗಡಿಯವರಿಗೆ ಒಳ್ಳೆಯ ಬಾಡಿಗೆಗೆ ಕೊಟ್ಟು, ಇಲ್ಲಿ ಕಾಲು ಚಾಚಿಕೊಂಡು ಕೂತರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅನ್ನುವುದು ಸುಳ್ಳಲ್ಲ.

ಅವಳು ಅದನ್ನೂ ನುಂಗಿಕೊಂಡಿರುತ್ತಿದ್ದಳೋ ಏನೋ. ಆದರೆ ರಸ್ತೆ ಅಗಲ ಮಾಡುವವರು ಬಂದು ಮೂಲೆಯಲ್ಲಿದ್ದ ಅವಳ ಗೂಡಂಗಡಿ ಎತ್ತಿಸಿದರು. ಕೀಲಿ ಕೊರೆಯುವ ಯಂತ್ರ ಅಡುಗೆಯ ಒಲೆಯ ಪಕ್ಕಕ್ಕೆ ಬಂತು. ಗಿರಾಕಿಗಳು ಹಿತ್ತಿಲ ಓಣಿ ಸುತ್ತಿ ಬರಬೇಕು. ಅರ್ಧ ಜನ ದಾರಿ ಕಾಣದೆ ಹಿಂತಿರುಗಿದರು. ಬೀದಿಗೆ ಮುಖ ಮಾಡಿದ ಆ ಮುಂದಿನ ಕೋಣೆ ಸಿಗದಿದ್ದರೆ ಅಪ್ಪನ ಕಸುಬು ಅವಳ ಕೈಯಲ್ಲೇ ಸತ್ತುಹೋಗುತ್ತಿತ್ತು.

"ಬೀಗರೇ, ಮನೆ ಬಿಟ್ಟುಕೊಡಿ. ಅಂಗಡಿ ಇಡೋಕೆ ಬೇಕು" ಎಂದು ಕೇಳಿದಳು.

ಬೀಗರು ಹೊಸ್ತಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಗಂಟಲೆತ್ತಿದರು. "ಬೀಗರನ್ನ ಬೀದಿಗೆ ಹಾಕ್ತೀರೇನ್ರೀ? ಕರಾರು ಇದೆಯಾ? ಇದ್ರೆ ತೋರಿಸಿ!"

ಮೈಯೆಲ್ಲ ಉರಿದುಹೋಯಿತು ಅವಳಿಗೆ. ಅವಳ ತಮ್ಮ ಆಟೋ ಓಡಿಸುವವನು, ಅವನದು ಒಂದೇ ಮಂತ್ರ. "ಅಕ್ಕಾ, ಅವರು ಹೊರಗೆ ಹೋದಾಗ ಬೀಗ ಬದಲಾಯಿಸಿಬಿಡು. ನಿನಗೆ ಅದು ಚಿಟಿಕೆ ಹೊಡೆಯೋ ಕೆಲಸ. ಸಾಮಾನು ನಾನು ಸಾಗಿಸ್ತೀನಿ."

ಅವಳು ಮೊದಲು ತಮ್ಮನನ್ನು ಕರೆದುಕೊಂಡು ಒಬ್ಬ ವಕೀಲಮ್ಮನ ಹತ್ತಿರ ಹೋದಳು. ಜೆರಾಕ್ಸ್ ಅಂಗಡಿಯ ಮೇಲಿನ ಇಕ್ಕಟ್ಟು ಕೋಣೆಯಲ್ಲಿ, ಫೈಲುಗಳ ನಡುವೆ ಕೂತಿದ್ದ ಆ ಚಿಕ್ಕ ವಯಸ್ಸಿನ ವಕೀಲಮ್ಮ ಎಲ್ಲ ಕೇಳಿ, ತಮ್ಮನ ಕಡೆ ಬೆರಳು ತೋರಿಸಿದಳು.

"ಇವರ ಮಾತು ಕೇಳಿದ್ರೆ ಕಳ್ಳರು ನೀವಾಗ್ತೀರಿ. ಬೀಗ ಮುಟ್ಟಬೇಡಿ. ನೀರು ನಿಲ್ಲಿಸಬೇಡಿ, ಕರೆಂಟು ತೆಗೀಬೇಡಿ, ಅವರ ಒಂದು ಚೊಂಬೂ ಹೊರಗಿಡಬೇಡಿ."

"ಮನೆ ನಂದು ಕಣಮ್ಮಾ!"

"ಮನೆ ನಿಮ್ಮದೇ. ಬಾಡಿಗೆ ಇಸ್ಕೊಂಡಿದ್ದೀರಿ ತಾನೇ? ಹಾಗಾದ್ರೆ ಕಾಗದ ಇಲ್ದಿದ್ರೂ ಅವರು ಬಾಡಿಗೆದಾರರು. ಕಾಗದ ಇಲ್ಲ ಅಂತ ಅವರು ಶಾಶ್ವತವಾಗಿ ಕೂರೋಕೂ ಆಗಲ್ಲ. ಸ್ವಂತಕ್ಕೆ ಬೇಕು ಅಂತ ನೋಟಿಸ್ ಕೊಡೋಣ. ಬಿಡದಿದ್ರೆ ಕೋರ್ಟಿಗೆ ಹೋಗೋಣ. ತಡ ಆಗುತ್ತೆ, ಆದ್ರೆ ನಿಮ್ಮನ್ನ ಯಾರೂ ಬೆರಳು ಮಾಡಿ ತೋರಿಸೋ ಹಾಗಿರಲ್ಲ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಮತ್ತೆ ಬರುತ್ತಾ?"

"ಕೊಡಮ್ಮಾ ನೋಟಿಸ್ಸು" ಎಂದಳು ಬೀಗದಕ್ಕ.

ನೋಟಿಸು ತಲುಪಿದ ಸಂಜೆ ಬೀಗರು ಮೊದಲ ಬಾರಿಗೆ ದನಿ ತಗ್ಗಿಸಿ ಮಾತಾಡಿದರು. "ನೋಡಿ, ನಿಮ್ಮ ಮಗಳಿರೋದು ನನ್ನ ಮನೇಲಿ. ನಾನು ಇಲ್ಲಿಂದ ಹೊರಟ ದಿನ ಅವಳು ಅಲ್ಲಿಂದ ಹೊರಡ್ತಾಳೆ. ಯೋಚನೆ ಮಾಡಿ."

ಗರಗಸಕ್ಕೆ, ಸುತ್ತಿಗೆಗೆ ಹೆದರದವಳು ಆ ಒಂದು ಮಾತಿಗೆ ಹೆದರಿದಳು. ಅಂಗಡಿ ಹಾಳಾಗಿ ಹೋಗಲಿ, ಮಗಳ ಸಂಸಾರ ನೆಟ್ಟಗಿರಲಿ ಎನ್ನಿಸಿ, ನೋಟಿಸು ವಾಪಸ್ ತೆಗೆದುಕೊಳ್ಳುವುದಾಗಿ ಮಗಳಿಗೆ ಹೇಳಲು ಹೋದಳು. ಮಗಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಅಮ್ಮಾ, ಬಾಡಿಗೆಗಿರೋ ಮಾವನ್ನೇ ನೀನು ಕೈಹಿಡಿದು ಹೊರಗೆ ಹಾಕೋ ಹಾಗಿಲ್ಲ ಅಂತ ವಕೀಲಮ್ಮ ಹೇಳಿದ್ರು ಅಲ್ವಾ? ಇನ್ನು ಸೊಸೆಯನ್ನ ಅವರು ಹಾಗೆ ಹೊರಗೆ ಹಾಕಿಬಿಡ್ತಾರಾ? ಹಾಕಲಿ ನೋಡೋಣ! ನನ್ನ ಹೆಸರು ಹೇಳಿ ನೀನು ಸೋತರೆ ಮಾತ್ರ ನಾನು ಈ ಜನ್ಮದಲ್ಲಿ ನಿನ್ನ ಹತ್ರ ಮಾತಾಡಲ್ಲ."

ಅಳಿಯ ಬಾಗಿಲ ಹತ್ತಿರ ನಿಂತಿದ್ದ. "ಅತ್ತೆ, ಅಪ್ಪ ಹೇಳಿದ್ದು ತಪ್ಪು" ಎಂದಷ್ಟೇ ಅಂದ, ಕಾಲಬೆರಳು ನೋಡಿಕೊಳ್ಳುತ್ತ. ಅವನ ಮಟ್ಟಿಗೆ ಅದೇ ದೊಡ್ಡದು. ಅಲ್ಲಿಂದ ಹಿಂತಿರುಗುವಾಗ ಅವಳು ಅತ್ತಳು, ಆದರೆ ತಲೆಯೆತ್ತಿಕೊಂಡೇ ನಡೆದಳು.

ಕೇಸು ನಡೆಯುತ್ತಿರುವಾಗ ಬೀಗರು ಹೆಂಡತಿಯ ಜೊತೆ ಯಾವುದೋ ಮದುವೆಗೆ ಪರವೂರಿಗೆ ಹೋದರು. ಅವಳ ತಮ್ಮ ಆಟೋ ತಂದು ಬಾಗಿಲಿಗೇ ನಿಲ್ಲಿಸಿದ. ಅವಳು ಬೀಗವನ್ನು ನೋಡಿದಳು. ಅಗ್ಗದ ಮಾಲು, ಒಂದು ಹೇರ್‌ಪಿನ್ನಿಗೆ ಬಾಯಿಬಿಡುವಂಥದ್ದು. ಕೈ ತುರಿಸಿತು, ಸುಳ್ಳು ಯಾಕೆ ಹೇಳಬೇಕು!

"ಲೋ, ಆಟೋ ತೆಗಿ" ಎಂದಳು ಕೊನೆಗೆ. "ವಾಸ ಇರೋರು ಎದುರಿಗೆ ನಿಲ್ಲದೆ ನಾನು ಯಾರ ಬೀಗಕ್ಕೂ ಕೈ ಹಾಕಿದವಳಲ್ಲ. ಈ ಮನುಷ್ಯನ ದೆಸೆಯಿಂದ ಕಳ್ಳಿ ಆಗ್ಲಾ? ಅಂಥ ಯೋಗ್ಯತೆ ಇಲ್ಲ ಅವನಿಗೆ."

ಕೋರ್ಟಿನಲ್ಲಿ ಬೀಗರು, ವಯಸ್ಸಾದ ಹೆಂಗಸಿಗೆ ಅಂಗಡಿ ಯಾಕೆ, ಸ್ವಂತಕ್ಕೆ ಬೇಕೆನ್ನುವುದು ಬರೀ ನೆಪ ಎಂದು ವಾದಿಸಿದರು. ನ್ಯಾಯಾಧೀಶರು ಅವಳ ಕಡೆ ನೋಡಿದರು. ಅವಳು ಅಂಗೈ ಎರಡನ್ನೂ ಮುಂದೆ ಚಾಚಿದಳು. ಗೆರೆಗೆರೆಯಲ್ಲೂ ಹಿತ್ತಾಳೆಯ ಪುಡಿ ಕೂತಿತ್ತು. "ಒಲೆ ಪಕ್ಕದಲ್ಲಿ ಕೂತು ಕೊರೆದದ್ದು ಸ್ವಾಮಿ. ನಿನ್ನೆ ಅನ್ನದಲ್ಲೂ ಇದೇ ಸಿಕ್ತು" ಎಂದಳು. ಎಷ್ಟೋ ವಾಯಿದೆಗಳಾದ ಮೇಲೆ ಮನೆ ಖಾಲಿ ಮಾಡಬೇಕೆಂದು ಆದೇಶವಾಯಿತು, ಬೀಗರಿಗೆ ಗಡುವೂ ಸಿಕ್ಕಿತು.

ಗಡುವು ಮುಗಿಯುವ ಹೊತ್ತಿಗೆ ಬೀಗರು ಸಾಮಾನು ಸಾಗಿಸಿ ಮಗ ಸೊಸೆ ಇದ್ದ ಮೇಲಿನ ಮನೆ ಸೇರಿಕೊಂಡರು. ಹೋಗುವಾಗ ಒಂದು ಕುಚೋದ್ಯ ಮಾಡಿದರು. ಖಾಲಿ ಮನೆಗೆ ಅಂಗೈಯಗಲದ ಹೊಸ ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿಕೊಂಡು ನಡೆದರು. "ಈಗಲಾದ್ರೂ ಒಡಿ ಅಕ್ಕಾ!" ಎಂದು ತಮ್ಮ ತಲೆ ಚಚ್ಚಿಕೊಂಡ. ಅವಳು ಒಡೆಯಲಿಲ್ಲ. ಮತ್ತೆ ಅರ್ಜಿ ಹಾಕಿಸಿದಳು.

ಆದೇಶ ಜಾರಿ ಮಾಡಲು ಕೋರ್ಟಿನ ಅಮೀನರು ಬಂದ ದಿನ ಇಡೀ ಬೀದಿ ಸೇರಿತ್ತು. ಮಗಳೂ ಬಂದಿದ್ದಳು. ಬೀಗರು ಎದುರು ಬದಿಯಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಅಮೀನರು ಬೀಗ ಅಲ್ಲಾಡಿಸಿ ನೋಡಿ, "ಕೀಲಿ ಕೊಡಿ" ಎಂದರು. ಬೀಗರು ಮುಖ ತಿರುಗಿಸಿದರು.

"ಸರಿ. ಬೀಗ ಒಡೆಯೋರು ಯಾರಾದ್ರೂ ಹತ್ರದಲ್ಲಿದ್ರೆ ಕರೆಸ್ರಪ್ಪಾ" ಎಂದರು ಅಮೀನರು.

ಮೊದಲು ದರ್ಜಿ ಕಿಸಕ್ಕೆಂದ. ಆಮೇಲೆ ಬೀದಿಗೆ ಬೀದಿಯೇ ನಗತೊಡಗಿತು. ಬೀಗದಕ್ಕ ನಗಲಿಲ್ಲ. ಸೆರಗು ಸಿಕ್ಕಿಸಿ, ಸಲಕರಣೆಯ ಚೀಲ ಬಿಚ್ಚಿದಳು.

"ಒಡೆಯೋದು ಯಾಕೆ ಸ್ವಾಮಿ? ತೆಗೆಯೋಕೆ ಅಪ್ಪಣೆ ಕೊಡಿ."

"ತೆಗೀಮ್ಮಾ."

ಬೀಗ ಕಿಟಕ್ಕೆಂದು ಬಾಯಿ ಬಿಟ್ಟಿತು. ಒಂದು ಗೀರೂ ಆಗಿರಲಿಲ್ಲ. ಅವಳು ಅದನ್ನು ಕೈಯಲ್ಲಿ ಹಿಡಿದು, ನೆಟ್ಟಗೆ ರಸ್ತೆ ದಾಟಿ, ಬೀಗರ ಮುಂದೆ ನಿಂತಳು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ತಗೊಳ್ಳಿ ಬೀಗರೇ, ನಿಮ್ಮ ಬೀಗ. ಇನ್ನೊಬ್ಬರ ಸೊತ್ತು ನಾನು ಇಟ್ಕೊಳ್ಳಲ್ಲ. ಆದ್ರೆ ಒಂದು ಮಾತು. ನನ್ನ ಮಗಳಿರೋ ಬಾಗಿಲಿಗೆ ಇದನ್ನ ಹಾಕೀರಿ, ಜೋಕೆ! ಆವತ್ತೂ ಕೋರ್ಟಿನ ಕಾಗದ ಹಿಡ್ಕೊಂಡೇ ಬರ್ತೀನಿ. ಆವತ್ತೂ ನಾನೇ ತೆಗೀತೀನಿ."