ಹಲ್ಲಿನಲ್ಲಿ ಹಿಡಿದ ವಾಲ್ವ್ ಪಿನ್

ಅಥವಾ ಅದು ಕಾಪುವಿನ ಕಡಲತೀರವೇ? ಹೂಡೆಯ ತೀರ ಎನ್ನುತ್ತದೆ ನನ್ನ ನೆನಪು, ಅದನ್ನು ನಂಬುವಂತಿಲ್ಲ. ನನ್ನ ಜೀಪು ಮರಳಿನಲ್ಲಿ ಹೂತದ್ದು, ಉಬ್ಬರದ ನೀರು ಹತ್ತಿರ ಬರುತ್ತಿದ್ದದ್ದು ಮಾತ್ರ ನಿಜ. ಜೊತೆಗೆ ಪಕ್ಕದ ಮನೆಯ ಅಕ್ಕ ಇದ್ದರು, ಬಹಳ ವರ್ಷ ಮಸ್ಕತ್ತಿನಲ್ಲಿದ್ದು, ಮರಳುಗಾಡಿನಲ್ಲಿ ಗಾಡಿ ಓಡಿಸಿ ಬಂದವರು.

"ಟೈರಿನ ಗಾಳಿ ಇಳಿಸದೆ ಮರಳಿಗೆ ಇಳಿದೆಯಲ್ಲ, ಎಂತ ಅವಸರ ಮಾರಾಯ?" ಎಂದರು. ಸಂತೆಕಟ್ಟೆಯ ವಾಹನದಟ್ಟಣೆಯಲ್ಲಿ ಹಾರ್ನ್ ಹೊಡೆಯುವವರಿಗೂ, ಕುಕ್ಕರಿನ ಮುಚ್ಚಳ ಬೇಗ ತೆಗೆಯುವವರಿಗೂ ಅವರದು ಅದೇ ‘ಎಂತ ಅವಸರ’ದ ಮಾತು.

ನಾನು ಹೊಸ ಡಿಫ್ಲೇಟರ್‌ಗಳನ್ನು ಚಾಚಿದೆ. ವಾಲ್ವಿಗೆ ಸಿಕ್ಕಿಸಿದರೆ ಬೇಕಾದಷ್ಟೇ ಗಾಳಿ ಬಿಟ್ಟು ತಾವೇ ನಿಲ್ಲುವಂಥವು.

"ಒಳ್ಳೆಯದೇ, ಆದರೆ ಇವು ನಿಧಾನ. ಕಡಲಿಗೆ ಪುರುಸೊತ್ತು ಇಲ್ಲ, ಅಲ್ವಾ?"

ಅವರು ಆರಿಸಿಕೊಂಡದ್ದು ವಾಲ್ವಿನ ಪಿನ್ನನ್ನೇ ಬಿಚ್ಚುವ ಪುಟ್ಟ ಕೀಲಿಯನ್ನು. ಪಿನ್ ಮರಳಿಗೆ ಬಿದ್ದರೆ ಟೈರು ಪೂರ್ತಿ ಚಪ್ಪಟೆ. ಬಿಚ್ಚಿದ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ, ಗಾಳಿಯ ಸದ್ದಿಗೆ ಕಿವಿಗೊಟ್ಟರು. ಕಣ್ಣು ಮುಚ್ಚಿದ್ದರೋ, ಅದು ನಾನೀಗ ಸೇರಿಸಿದ್ದೋ. ಸದ್ದು ತಗ್ಗಿದ ಕೂಡಲೇ ಪಿನ್ನನ್ನು ಮತ್ತೆ ತಿರುಗಿಸಿ ಕೂರಿಸಿ ಮುಂದಿನ ಚಕ್ರಕ್ಕೆ ಸರಿದರು. ಕೊನೆಯ ಚಕ್ರದ ಹೊತ್ತಿಗೆ ಅವರ ಮೊಣಕಾಲು ನೀರಿನಲ್ಲಿತ್ತು, ಆಗಲೂ ಸದ್ದು ತಗ್ಗುವವರೆಗೆ ಕಾದರು. ಆಮೇಲೆ ಅವರೇ ಸ್ಟೀರಿಂಗ್ ಹಿಡಿದರು; ಮೆತ್ತಗಾದ ಟೈರುಗಳಿಗೆ ಮರಳಿನ ಹಿಡಿತ ಸಿಕ್ಕಿ ಜೀಪು ಮೆಲ್ಲನೆ ಮೇಲೆದ್ದು ಬಂತು. ನಾನು ಬಾಯಿ ತೆರೆದು ನೋಡುತ್ತಲೇ ಇದ್ದೆ.

ಅಂಥ ನೆಮ್ಮದಿ ಅವರಿಗೆ ಎಲ್ಲಿಂದ ಬಂತು, ಒಳಗೆ ಹೆದರಿಕೆ ಇತ್ತೇ, ನನಗೆ ಗೊತ್ತಿಲ್ಲ.