ಕಾಣುತ್ತದೆ ಎನ್ನಲು ಹೆದರಿದ ಹುಡುಗಿ

ಶಂಶಾಬಾದ್‌ನಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟುತ್ತಿದ್ದ ವರ್ಷಗಳವು. ಹೈದರಾಬಾದ್ ಆಗ ಇಡೀ ಆಂಧ್ರಪ್ರದೇಶದ ರಾಜಧಾನಿ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನಾನು ಮಕ್ಕಳ ನೇತ್ರತಜ್ಞೆಯಾಗಿದ್ದೆ. ಅಂಧ ಮಕ್ಕಳ ಶಾಲೆಗಳಿಗೆ ಹೋಗಿ, ಪ್ರತಿ ಮಗುವಿನ ದೃಷ್ಟಿ ಹೋದದ್ದು ಯಾವುದರಿಂದ, ಅದನ್ನು ತಪ್ಪಿಸಬಹುದಿತ್ತೇ ಎಂದು ಗುರುತಿಸುವ ಕೆಲಸ ನಮ್ಮ ತಂಡಕ್ಕೆ ಬಂತು. ವಿಟಮಿನ್ ಎ ಕೊರತೆ, ದಡಾರ, ಹುಟ್ಟಿನಿಂದಲೇ ಇರುವ ಪೊರೆ, ಸೋದರಸಂಬಂಧದ ಮದುವೆಗಳಲ್ಲಿ ಹೆಚ್ಚಾಗಿ ಕಾಣುವ ರೆಟಿನಾ ರೋಗಗಳು: ಕಾರಣಗಳೆಲ್ಲ ನಾವು ಓದಿದವೇ.

ನಾಂಪಲ್ಲಿಯ ಹತ್ತಿರದ ಅಂಧ ಮಕ್ಕಳ ವಸತಿ ಶಾಲೆಯೊಂದರಲ್ಲಿ ಅಕ್ಕತಂಗಿಯರಿಬ್ಬರು ಕೈಕೈ ಹಿಡಿದುಕೊಂಡು ಬಂದರು. ರೇಣುಕಾಗೆ ಹನ್ನೆರಡು, ಹುಲಿಗೆಮ್ಮನಿಗೆ ಒಂಬತ್ತು. ರಾಯಚೂರು ಕಡೆಯವರು. ತಂದೆ ಇರಲಿಲ್ಲ; ತಾಯಿ ಯಲ್ಲಮ್ಮ ವಿಮಾನ ನಿಲ್ದಾಣದ ಕೆಲಸದಲ್ಲಿ ಕಾಂಕ್ರೀಟು ಹೊರುತ್ತಿದ್ದಳು. ಇಬ್ಬರಿಗೂ ಹುಟ್ಟಿನಿಂದ ಪೊರೆ. ಆಪರೇಷನ್ ಆದಮೇಲೆ ರೇಣುಕಾಳ ಕಣ್ಣಿನ ಒತ್ತಡ ಏರಿ, ಅಂದರೆ ಗ್ಲಾಕೋಮಾ ಆಗಿ, ನರವೇ ಸತ್ತಿತ್ತು. ಬೆಳಕೂ ತಿಳಿಯುತ್ತಿರಲಿಲ್ಲ. ಹುಲಿಗೆಮ್ಮನ ನರ ಚೆನ್ನಾಗಿತ್ತು. ಪೊರೆಗಟ್ಟಿದ ಮಸೂರ ತೆಗೆದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬೇಕೇ ಬೇಕು. ಅವಳದು ಒಡೆದ ಮೇಲೆ ಯಾರೂ ಮತ್ತೆ ಕೊಡಿಸಿರಲಿಲ್ಲ.

ಪರೀಕ್ಷೆಯ ಚೌಕಟ್ಟನ್ನು ಅವಳ ಕಣ್ಣಿಗೆ ಹಾಕಿ, ಪ್ಲಸ್ ಹನ್ನೊಂದರ ಗಾಜುಗಳನ್ನಿಟ್ಟು ಬೆರಳು ತೋರಿಸಿದೆ. ಏನೂ ಕಾಣುವುದಿಲ್ಲ ಎಂದಳು, ತೆಲುಗಿನಲ್ಲಿ. ಗಾಜು ಬದಲಿಸಿದೆ. ಅದೇ ಉತ್ತರ. ನಾನು ಬರೆದುಕೊಳ್ಳುತ್ತಿದ್ದಾಗ ಅವಳು ಆ ಗಾಜುಗಳಲ್ಲೇ ಅಕ್ಕನತ್ತ ತಿರುಗಿ ಅವಳ ಗಲ್ಲದಿಂದ ಏನನ್ನೋ ತೆಗೆದಳು.

"ಏನದು?" ಎಂದಳು ರೇಣುಕಾ.

"ಅನ್ನದ ಅಗಳು ಹತ್ತಿತ್ತಕ್ಕ."

ನಾನೂ ಅವರದೇ ಕನ್ನಡದಲ್ಲಿ ಕೇಳಿದೆ: "ನಿಂಗ ಕಾಣಸಾಕತ್ತೈತಲ್ಲವ್ವ, ಯಾಕ ಇಲ್ಲ ಅಂತಿ?"

ಹುಡುಗಿ ಬೆಚ್ಚಿ ಅತ್ತುಬಿಟ್ಟಳು. "ಕಾಣಸ್ತೈತಿ ಅಂದ್ರ ಹೊರಗ ಹಾಕ್ತಾರ್ರಿ. ಅಕ್ಕನ ಕೈ ಯಾರ ಹಿಡೀತಾರ?"

ಅವಳ ಹೆದರಿಕೆ ಸುಳ್ಳಾಗಿರಲಿಲ್ಲ. ಕಣ್ಣು ಕಂಡರೆ ಸೀಟು ಹೋಗುತ್ತದೆ, ನಿಯಮ ತಮ್ಮ ಕೈಯಲ್ಲಿಲ್ಲ ಎಂದರು ವಾರ್ಡನ್. ಹೊರಗೆ ಹೋದರೆ ತಾಯಿಯ ತಗಡಿನ ಶೆಡ್ಡು. ಅಲ್ಲಿ ಹತ್ತಿರ ಶಾಲೆಯಿಲ್ಲ. ಕನ್ನಡಕವಿಲ್ಲದೆ ಇಲ್ಲೇ ಉಳಿದರೆ, ಬಳಸದ ಕಣ್ಣಿನಿಂದ ನೋಡುವುದನ್ನು ಮಿದುಳು ಕಲಿಯುವುದೇ ಇಲ್ಲ. ಇದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತೇವೆ. ವಯಸ್ಸು ಹೆಚ್ಚಿದಂತೆ ಅದನ್ನು ಸರಿಪಡಿಸುವುದು ಕಷ್ಟ. ನಾನು ಏನು ಬರೆದರೂ ಮಗುವಿಗೆ ಕೇಡೇ ಆಗುತ್ತಿತ್ತು.

ಕನ್ನಡಕ ಮಾಡಿಸಿ ಕೊಟ್ಟೆ. ಮುಂದಿನ ಸಲ ಹೋದಾಗ ಅದು ಅವಳ ಟ್ರಂಕಿನ ತಳದಲ್ಲಿತ್ತು. ಯಲ್ಲಮ್ಮನನ್ನು ಕರೆಸಿದೆವು.

"ಒಬ್ಬಾಕಿಗೆ ಕಣ್ಣ ಕೊಟ್ಟು ಇನ್ನೊಬ್ಬಾಕೀನ ಒಂಟಿ ಮಾಡ್ತೀರೇನ್ರಿ? ಬ್ಯಾಡ್ರಿ ಮೇಡಮ್ಮಾರ, ಇದ್ದಂಗ ಇರ್ಲಿ," ಎಂದಳು.

ಅದಕ್ಕೆ ಉತ್ತರ ಕೊಟ್ಟವಳು ರೇಣುಕಾ. "ನನ್ನ ಸಲುವಾಗಿ ಆಕೀ ಕುರುಡಿ ಆಗಿ ಕುಂದ್ರೂದು ನಂಗ ಬ್ಯಾಡವ್ವ. ಆಕೀನ ಕರಕೊಂಡ ಹೋಗು." ಹಾಗೆಂದಳೇ ಹೊರತು ತಂಗಿಯ ಕೈ ಮಾತ್ರ ಬಿಡಲಿಲ್ಲ. ಯಲ್ಲಮ್ಮ ಆ ಕೈಗಳನ್ನು ನೋಡಿದಳು.

ಕೊನೆಗೆ ಅವಳು ಕಟ್ಟಡದ ಕೆಲಸ ಬಿಟ್ಟು, ಶಾಲೆಯ ಹಿಂದಿನ ಗಲ್ಲಿಯಲ್ಲಿ ಕೋಣೆ ಹಿಡಿದು, ಮನೆಗೆಲಸಕ್ಕೆ ನಿಂತಳು. ರೇಣುಕಾ ಸಂಜೆ ಮನೆಗೆ ಬರಲು ವಾರ್ಡನ್ ಒಪ್ಪಿದರು. ಹುಲಿಗೆಮ್ಮ ಸರ್ಕಾರಿ ಶಾಲೆಗೆ ಸೇರಿದಳು. ನಾನು ನೋಡಲು ಹೋದ ದಿನ ಅವಳು ಹೊಸ್ತಿಲಲ್ಲೇ ಕನ್ನಡಕ ತೆಗೆದು ಮುಚ್ಚಿಟ್ಟುಕೊಂಡು ಒಳಗೆ ಅಕ್ಕನ ಹತ್ತಿರ ಬಂದಳು. ರೇಣುಕಾ ಅವಳ ಮುಖ ತಡವಿ, "ಚಶ್ಮಾ ಎಲ್ಲಿಟ್ಟಿ? ಹಾಕ್ಕೋ," ಎಂದು ಗದರಿದಳು.

ತಡವಾಗಿತ್ತು, ಹುಲಿಗೆಮ್ಮನ ದೃಷ್ಟಿ ಪೂರ್ತಿ ಬರಲಿಲ್ಲ. ದಪ್ಪಕ್ಷರದ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುವಷ್ಟು ಬಂತು.

ಆಮೇಲೆ ನಿವೃತ್ತಿಯವರೆಗೂ ನಾನು ಮಗುವಿನ ಕಣ್ಣಿಗೆ ಟಾರ್ಚ್ ಹಿಡಿಯುವ ಮೊದಲು, ಅದರ ಜೊತೆ ಯಾರಿದ್ದಾರೆ ಎಂದು ಕೇಳುತ್ತಿದ್ದೆ. ಕಾಣುವುದಿಲ್ಲ ಎಂದು ಮಗು ಹೇಳಿದಾಗ, ಅದರ ಕಾರಣ ಕಣ್ಣಿನಲ್ಲೇ ಇರಬೇಕೆಂದೇನಿಲ್ಲ.