ವೈನಿಗೊಂದು ಪ್ರಾರ್ಥನೆ ಬರೆದುಕೊಡುವ ಕಷ್ಟ

ಏನಾದರೂ ಬರೆಯಬೇಕೆಂದು ಕೂತ ದಿನ ನನ್ನ ಮನೆ ಇರುವಷ್ಟು ಸ್ವಚ್ಛವಾಗಿ ಕ್ರಿಸ್ಮಸ್ಸಿಗೂ ಇರುವುದಿಲ್ಲ. ಪೆನ್ನಿನ ಕ್ಯಾಪ್ ತೆಗೆದ ಕೂಡಲೇ ಕಿಟಕಿಯ ಪರದೆ ಕೊಳೆಯಾಗಿರುವುದು ಕಣ್ಣಿಗೆ ಬೀಳುತ್ತದೆ. ಪರದೆ ಒಗೆದು ಹಾಕಿ ಬಂದರೆ ಡಬ್ಬಿಯ ಅಕ್ಕಿಯಲ್ಲಿ ಹರಳಿರಬಹುದೆಂಬ ಅನುಮಾನ. ಅಕ್ಕಿ ಆರಿಸಿ ಮುಗಿದರೆ, ಹಳೆಯ ಕನ್ನಡಕಗಳನ್ನೆಲ್ಲ ಒಂದು ಕಡೆ ಇಡಬೇಕಿತ್ತಲ್ಲ ಎಂಬ ನೆನಪು. ನಾನಿರುವುದು ಗಿಣಿಗೇರಾದಲ್ಲಿ. ಫ್ಯಾಕ್ಟರಿಗಳಿಂದ ಬರುವ ಕರಿಯ ಪುಡಿ ಬೆಳಿಗ್ಗೆ ಒರೆಸಿದ ಟೇಬಲ್ಲಿನ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಹಾಜರಿರುತ್ತದೆ. ಆದ್ದರಿಂದ ಬರೆಯದೆ ತಪ್ಪಿಸಿಕೊಳ್ಳಬೇಕೆಂದವರಿಗೆ ಇದಕ್ಕಿಂತ ಅನುಕೂಲದ ಊರು ಇನ್ನೊಂದಿಲ್ಲ.

ಇದನ್ನು ಹೇಳಿದರೆ ನಮ್ಮ ಚರ್ಚಿನ ಸಭೆಯವರು ನಂಬುವುದಿಲ್ಲ. ಕೊಪ್ಪಳದಲ್ಲಿ ಇಂಗ್ಲಿಷ್ ಟೀಚರ್ ಆಗಿ ರಿಟೈರ್ ಆದವಳು, ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು, ಇವಳಿಗೆ ಬರೆಯುವುದೇನು ಮಹಾ ಎಂದು ಅವರ ಲೆಕ್ಕ. ಪಾಸ್ಟರ್ ವರ್ಗವಾದರೆ ಫೇರ್‌ವೆಲ್ ಅಡ್ರೆಸ್ ನಾನೇ ಬರೆಯಬೇಕು. ಮದುವೆ ಕಾರ್ಡಿನ ಮೇಲಿನ ನಾಲ್ಕು ಸಾಲು ನಾನೇ. ಯಾರಾದರೂ ತೀರಿಕೊಂಡರೆ ಸ್ಮಶಾನದಲ್ಲಿ ಓದುವ ಜೀವನಚರಿತ್ರೆಯೂ ನಾನೇ. ಹೇಳಿದ ದಿನವೇ ಬರೆದುಕೊಟ್ಟಿದ್ದೇನೆ. ಹಾಗೆ ಬರೆದ ಒಂದರಲ್ಲೂ ನನಗೆ ಕಷ್ಟವಾದದ್ದಿಲ್ಲ. ಯಾರ ಹೆಸರು ತೆಗೆದು ಯಾರ ಹೆಸರು ಹಾಕಿದರೂ ನಡೆಯುವಂಥ ಬರಹ ಅದು.

ಬರೆಯುವ ಕಷ್ಟ ಏನೆಂದು ನನಗೆ ತಿಳಿಸಿದವರು ನಮ್ಮ ಸಲೋಮಿ ವೈನಿ. ಅಣ್ಣನ ಹೆಂಡತಿ. ಗಂಗಾವತಿಯಲ್ಲಿ ಕಾಲುವೆಯ ಹತ್ತಿರ ಮನೆ. ಹೆಚ್ಚು ಓದಿದವರಲ್ಲ. ಆದರೆ ಪ್ರಾರ್ಥನೆಗೆ ನಿಂತರೆ ಅವರ ಬಾಯಿಂದ ಮಾತು ಬರುತ್ತಿದ್ದ ರೀತಿಗೆ ಪಾಸ್ಟರುಗಳೇ ಹೊಟ್ಟೆಕಿಚ್ಚು ಪಟ್ಟದ್ದನ್ನು ನಾನು ನೋಡಿದ್ದೇನೆ. ದೇವರನ್ನು ಅವರು ಕರೆಯುವುದೇ ‘ಯಪ್ಪಾ’ ಎಂದು. ಒಂದು ಪ್ರಾರ್ಥನೆಯಲ್ಲಿ ಕಾಲುವೆಗೆ ನೀರು ಬಿಡುವುದು, ಪಕ್ಕದ ಮನೆಯ ಶಾಂತಮ್ಮನ ಮೊಣಕಾಲು, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಎಮ್ಮೆಗೆ ಬಂದ ಕೆಚ್ಚಲುಬಾವು, ದಿಲ್ಲಿಯಲ್ಲಿ ಕೂತು ಆಳುವವರ ಬುದ್ಧಿ, ಎಲ್ಲವೂ ಬರುತ್ತಿತ್ತು. ಅಣ್ಣ ಕೊನೆಗೆ ಗಂಟಲು ಸರಿಮಾಡಿಕೊಂಡರೆ ಮಾತ್ರ ‘ಆಮೆನ್’ ಆಗುವುದು. ನಮ್ಮ ಸಭೆಯಲ್ಲಿ ಪ್ರಾರ್ಥನೆಯೆಂದರೆ ಹೀಗೆ ಬಾಯಿಂದ ಹರಿಯಬೇಕು. ಕಾಗದ ನೋಡಿ ಓದಿದರೆ ‘ಚೀಟಿ ಪ್ರಾರ್ಥನಾ’ ಎಂದು ನಗುತ್ತಾರೆ, ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನೋಡಿ ನಕ್ಕಂತೆ. ಕಾನ್ವೆಂಟಿನಲ್ಲಿ ಅಚ್ಚಾದ ಪ್ರಾರ್ಥನೆಗಳನ್ನೇ ಓದಿ ಬೆಳೆದ ನನಗೆ ನಾಲ್ಕು ಜನರ ಮುಂದೆ ಕಣ್ಣು ಮುಚ್ಚಿ ಮಾತಾಡಲು ಇವತ್ತಿಗೂ ಬರುವುದಿಲ್ಲ. ‘ಗ್ರೇಸಿ ಬರಿತಾಳ, ನಾ ಮಾತಾಡ್ತೀನಿ, ನಮ್ಮಿಬ್ಬರನ್ನ ಸೇರಿಸಿದ್ರ ಒಬ್ಬ ಪಾಸ್ಟರ ಆಕ್ಕಾನ’ ಎಂದು ವೈನಿ ತಮಾಷೆ ಮಾಡುತ್ತಿದ್ದರು.

ಹೋದ ವರ್ಷ ಅಣ್ಣ ಆಸ್ಪತ್ರೆ ಸೇರಿದ. ವೈನಿ ಅವನ ಮಂಚದ ಪಕ್ಕದಲ್ಲಿ ನಿಂತು ಪ್ರಾರ್ಥಿಸಿದ್ದೇ ಪ್ರಾರ್ಥಿಸಿದ್ದು. ವಾರ್ಡಿನಲ್ಲಿದ್ದ ತಳಕಲ್ಲಿನ ಮುದುಕಿಯೊಬ್ಬಳು ತನ್ನ ದೇವರ ಭಂಡಾರ ತಂದು ಅಣ್ಣನ ಹಣೆಗೆ ಹಚ್ಚಿ, ‘ನಿಮ್ದೂ ಇರ್ಲಿ, ನಮ್ದೂ ಇರ್ಲಿ ತಂಗಿ’ ಎಂದಳು. ವೈನಿ ಬೇಡವೆನ್ನಲಿಲ್ಲ. ಅಣ್ಣ ಉಳಿಯಲಿಲ್ಲ. ಮಣ್ಣು ಕೊಟ್ಟು ಬಂದ ದಿನದಿಂದ ವೈನಿ ಬಾಯಿಬಿಟ್ಟು ಪ್ರಾರ್ಥಿಸುವುದನ್ನು ನಿಲ್ಲಿಸಿದರು. ನಮ್ಮ ಸಭೆಯ ಗುಡಿಗೆ ಬರುತ್ತಿದ್ದರು, ಹಾಡುತ್ತಿದ್ದರು, ಪ್ರಾರ್ಥನೆಗೆ ಕರೆದರೆ ತಲೆ ಅಲ್ಲಾಡಿಸಿ ಕೂತುಬಿಡುತ್ತಿದ್ದರು.

ಅಣ್ಣ ತೀರಿಕೊಂಡ ವರ್ಷದ ಪ್ರಾರ್ಥನೆ ಹತ್ತಿರ ಬಂದಾಗ ಫೋನ್ ಮಾಡಿದರು. ನಮ್ಮಲ್ಲಿ ವರ್ಷದ ಕೂಟಕ್ಕೆ ಒಂದು ರೂಢಿ ಇದೆ. ಪಾಸ್ಟರ್ ಪ್ರಸಂಗ ಮಾಡಿದ ಮೇಲೆ, ಊಟಕ್ಕೆ ಮೊದಲು, ಕೊನೆಯ ಪ್ರಾರ್ಥನೆಯನ್ನು ಆ ಮನೆಯ ಹಿರಿಯ ಹೆಣ್ಣುಮಗಳೇ ಮಾಡಬೇಕು.

‘ಗ್ರೇಸಿ, ನೀ ಒಂದ ಪ್ರಾರ್ಥನಾ ಬರದ ಕೊಡು. ನಾ ನೋಡಿ ಓದ್ತೀನಿ.’

‘ಚೀಟಿ ಪ್ರಾರ್ಥನಾ ಅಂತಾರ ವೈನಿ, ನಗ್ತಾರ.’

‘ನಗ್ಲಿ. ದೇವರು ನನ್ನ ಮಾತ ಕೇಳಲಿಲ್ಲ ಅಂತ ಸಿಟ್ಟಲ್ಲ ನಂದು. ದವಾಖಾನ್ಯಾಗ ಇದ್ದ ಮಾತೆಲ್ಲಾ ಖರ್ಚಾಗ್ಯಾವ. ಒಳಗ ಕೈ ಹಾಕಿದ್ರ ಏನೂ ಸಿಗವಲ್ದು. ಅವತ್ತ ಬಾಯಿ ತೆಗೀಲಿಲ್ಲ ಅಂದ್ರ ಇನ್ನ ಮುಂದ ನಾ ತೆಗಿಯಂಗಿಲ್ಲ. ಅದು ನನಗ ಗೊತ್ತೈತಿ.’

ನಾನು ಆಗಲಿ ಎಂದೆ. ಒಂದು ಪೇಜಿನ ಕೆಲಸ, ಚಹಾ ಆರುವುದರೊಳಗೆ ಮುಗಿದೀತು ಅಂದುಕೊಂಡೆ. ಮುಗಿಯಿತೂ ಕೂಡ. ನನ್ನದೊಂದು ಹಳೆಯ ಅಭ್ಯಾಸ: ಮುಖ್ಯವಾದದ್ದನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಿರುಗಿಸುವುದು. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಫೈನ್ ಇತ್ತು, ಹೀಗಾಗಿ ಅಳುವುದು ನಗುವುದು ಕನ್ನಡದಲ್ಲಿ, ದೇವರ ಹತ್ತಿರ ಮಾತಾಡುವುದು ಇಂಗ್ಲಿಷಿನಲ್ಲಿ ಎಂದು ನಮಗೆಲ್ಲ ಒಂದು ಟೈಮ್‌ಟೇಬಲ್ ಬಿದ್ದುಹೋಗಿತ್ತು. ಬರೆದದ್ದನ್ನು ಫೋನಿನಲ್ಲಿ ಓದಿದೆ: ‘ಪರಲೋಕದಲ್ಲಿರುವ ಕರುಣಾಮಯನಾದ ತಂದೆಯೇ, ದುಃಖದ ಕಣಿವೆಯ ಮೂಲಕ ನೀನು ನಮ್ಮನ್ನು ನಡೆಸಿಕೊಂಡು ಬಂದಿರುವುದಕ್ಕಾಗಿ...’

ವೈನಿ ಅಲ್ಲೇ ತಡೆದರು.

‘ಯಾವ ಕಣಿವಿ ಗ್ರೇಸಿ? ಇಲ್ಲಿ ಬರೇ ಗದ್ದಿ ಅದಾವಲ್ಲ.’

ಕಣಿವೆ ತೆಗೆದೆ. ಪಾಲಿಶ್ ಕಡಿಮೆ ಮಾಡಿದೆ. ಮಾರನೆಯ ದಿನ ಇನ್ನೊಂದು ಓದಿದೆ. ಅದರಲ್ಲಿ ‘ಎಲ್ಲವೂ ನಿನ್ನ ಚಿತ್ತದಂತೆ ಆದದ್ದಕ್ಕೆ ಸ್ತೋತ್ರ’ ಎಂಬ ಸಾಲಿತ್ತು. ಇಂಥ ಸಾಲನ್ನು ನಾನು ಎಷ್ಟು ಜನರ ಸಲುವಾಗಿ ಬರೆದಿದ್ದೇನೋ.

‘ಇದನ್ನ ನಾ ಹೇಳಂಗಿಲ್ಲ’ ಎಂದರು ವೈನಿ. ‘ಹೇಳಿದ್ರ ಸುಳ್ಳ ಆಕ್ಕೈತಿ. ಜನರ ಮುಂದ ಒಂದೆರಡ ಸುಳ್ಳ ಹೇಳೀನಿ. ಆತನ ಮುಂದ ಬ್ಯಾಡ.’ ಆಮೇಲೆ ಮೆಲ್ಲಗೆ ಕೇಳಿದರು, ‘ನೀ ಹೇಳ್ತಿಯೇನ ಇದನ್ನ?’

ನಾನೂ ಅದನ್ನು ಯಾವತ್ತೂ ಹೇಳಿರಲಿಲ್ಲ. ಬರೆದಿದ್ದೆ, ಅಷ್ಟೇ.

ಅಲ್ಲಿಂದ ಶುರುವಾಯಿತು ನೋಡಿ, ಪರದೆ ಒಗೆಯುವುದು, ಅಕ್ಕಿ ಆರಿಸುವುದು. ಒಂದು ಸಾಲು ಬರೆಯುವುದು, ಇದು ವೈನಿಯ ಬಾಯಲ್ಲಿ ಸುಳ್ಳಾದೀತೇ ಎಂದು ಕೇಳಿಕೊಳ್ಳುವುದು, ಹೊಡೆದುಹಾಕುವುದು. ‘ನಮಗೆ ಸಮಾಧಾನ ಕೊಟ್ಟಿದ್ದೀ’ ಎಂದು ಬರೆದೆ. ಎಲ್ಲಿ ಕೊಟ್ಟಿದ್ದಾನೆ? ಹೊಡೆದೆ. ‘ಸಮಾಧಾನ ಕೊಡು’ ಎಂದು ಬರೆದೆ. ವೈನಿಗೆ ಬೇಕಾದದ್ದು ಸಮಾಧಾನವೋ, ಅಣ್ಣನೋ? ಹೊಡೆದೆ. ‘ಅವರು ನಿನ್ನ ಬಳಿ ಸುಖವಾಗಿದ್ದಾರೆ’ ಎಂದು ಬರೆದೆ. ನಂಬುತ್ತೇನೆ, ನಿಜ. ಆದರೆ ಅಣ್ಣ ಎಲ್ಲಿದ್ದರೂ ವೈನಿ ಮಾಡಿದ ಚಹಾ ಇಲ್ಲದೆ ಸುಖವಾಗಿರುವವನಲ್ಲ ಎಂಬುದೂ ಗೊತ್ತು. ಪೆನ್ನು ಅಲ್ಲೇ ನಿಂತಿತು. ಒಂದು ವಿಚಿತ್ರವೆಂದರೆ, ಅಣ್ಣ ಹೋದ ಮೇಲೆ ಅವನ ಬಗ್ಗೆ ನಾನು ಕೂತು ಯೋಚಿಸಿದ್ದೇ ಆವಾಗ. ಸತ್ತ ದಿನದಿಂದ ಜನ, ಊಟ, ಕಾರ್ಡು, ಫೋಟೊ ಫ್ರೇಮು ಇದರಲ್ಲೇ ಕಳೆದುಹೋಗಿತ್ತು. ಹೊಡೆದುಹಾಕಿದ ಒಂದೊಂದು ಸಾಲಿನ ಹಿಂದೆ ಅವನು ಬಂದು ನಿಲ್ಲುತ್ತಿದ್ದ. ಸೈಕಲ್ಲಿನ ಮೇಲೆ ನನ್ನ ಬೋರ್ಡಿಂಗ್ ಟ್ರಂಕು ಇಟ್ಟುಕೊಂಡು ಸ್ಟೇಶನ್ನಿಗೆ ಬಂದವನು, ಗಾಡಿ ಹೊರಟ ಮೇಲೂ ಪ್ಲಾಟ್‌ಫಾರ್ಮಿನಲ್ಲಿ ನಡೆಯುತ್ತಲೇ ಇದ್ದವನು.

ಬೋರ್ಡಿಂಗಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ಹಳೆಯ ಕಾಲದ ಮರುಭೂಮಿಯ ಸನ್ಯಾಸಿಯ ಕಥೆ ಹೇಳುತ್ತಿದ್ದರು. ಅವನು ವರ್ಷವೆಲ್ಲ ಬುಟ್ಟಿ ಹೆಣೆಯುತ್ತಿದ್ದನಂತೆ. ಪೇಟೆ ದೂರ, ಮಾರುವಂತಿಲ್ಲ. ವರ್ಷದ ಕೊನೆಗೆ ಎಲ್ಲವನ್ನೂ ಸುಟ್ಟು ಮತ್ತೆ ಮೊದಲಿನಿಂದ ಹೆಣೆಯಲು ಕೂಡುತ್ತಿದ್ದನಂತೆ. ಬುಟ್ಟಿ ಉಳಿಯದಿದ್ದರೂ ಕೂತದ್ದು ಉಳಿಯಿತು ಎಂದು ಸಿಸ್ಟರ್ ವಿವರಿಸುತ್ತಿದ್ದರು. ಈ ಕಥೆಯನ್ನು ನಾನು ಒಮ್ಮೆ ಹನುಮನಹಳ್ಳಿಯ ಹತ್ತಿರ ಬೆಟ್ಟದ ಬುಡದಲ್ಲಿ ಬಾಳೆನಾರಿನ ಬುಟ್ಟಿ ಮಾರುತ್ತ ಕೂತ ಹೆಣ್ಣುಮಗಳಿಗೆ ಹೇಳಿದೆ. ‘ಸುಡೂದ್ಯಾಕ್ರೀ ಅಕ್ಕಾರ, ಬೆಟ್ಟಾ ಹತ್ತಾಕ ಬಂದವರಿಗೆ ಕೊಟ್ರ ಆಗತಿತ್ತಲ್ಲ’ ಎಂದಳು. ಅವಳ ಮಾತು ಸರಿ. ಸಿಸ್ಟರ್ ಮಾತೂ ಸರಿ ಎಂದು ಗೊತ್ತಾಗಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ನಮ್ಮ ಸ್ವಾಮಿ ಕ್ರಿಸ್ತ ಬರೆದದ್ದೆಂದು ನಾವು ಬೈಬಲ್ಲಿನಲ್ಲಿ ಕೇಳಿರುವುದು ಒಂದೇ ಸಲ, ಅದೂ ನೆಲದ ಮೇಲೆ, ಬೆರಳಿನಿಂದ. ಏನು ಬರೆದ ಎಂದು ಯಾರೂ ಹೇಳಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದ ಹೆಂಗಸೊಬ್ಬಳನ್ನು ಹೊಡೆಯಲು ಸುತ್ತ ಕಲ್ಲು ಹಿಡಿದು ನಿಂತವರು ಅವಸರ ಮಾಡುತ್ತಿದ್ದಾಗ ಆತ ಬಗ್ಗಿ ನಿಧಾನವಾಗಿ ಬರೆಯುತ್ತ ಕೂತ. ಆ ಬರಹವನ್ನು ಗಾಳಿ ಒಯ್ದಿರಬೇಕು. ಆದರೆ ಆತ ಬರೆಯುತ್ತಿದ್ದಷ್ಟು ಹೊತ್ತು ಒಂದು ಕಲ್ಲೂ ಬೀಳಲಿಲ್ಲ. ಮೊದಲೆಲ್ಲ ಇದನ್ನು ಕೇಳಿದಾಗ, ಛೇ, ಯಾರಾದರೂ ಕಾಪಿ ಮಾಡಿಟ್ಟುಕೊಳ್ಳಬಾರದಿತ್ತೇ ಎಂದು ಟೀಚರ್ ಬುದ್ಧಿ ಹೊಯ್ದಾಡುತ್ತಿತ್ತು. ಈಗ ನನ್ನ ಟೇಬಲ್ಲಿನ ಕರಿಯ ಪುಡಿಯಲ್ಲಿ ಬೆರಳಾಡಿಸುತ್ತ ಕೂತಾಗ, ಬರೆಯುವುದೆಂದರೆ ಒಮ್ಮೊಮ್ಮೆ ಕೈಯನ್ನು ತಡೆದು ಹಿಡಿಯುವುದೂ ಇರಬಹುದು ಅನ್ನಿಸಿತು. ನಾಲಿಗೆಯ ತುದಿಗೆ ಸಿದ್ಧವಾಗಿ ಬಂದ ಮಾತು ಯಾರನ್ನಾದರೂ ಗಾಯಗೊಳಿಸದಂತೆ, ಅದು ನಿಜವೋ ಎಂದು ಕೇಳುವಷ್ಟು ಹೊತ್ತು. ನಮ್ಮವರು ಈಸ್ಟರಿಗೆ ಮೊದಲಿನ ಶ್ರಮೆಯ ದಿನಗಳಲ್ಲಿ ಮಾಂಸ ಬಿಡುತ್ತಾರೆ, ಚಹಾ ಬಿಡುತ್ತಾರೆ. ಸುಲಭಕ್ಕೆ ಸಿಗುವ ಸಾಲು ಬಿಡುವುದೂ ಒಂದು ಉಪವಾಸವೆಂದು ನನಗೆ ಯಾರೂ ಹೇಳಿರಲಿಲ್ಲ. ಹಸಿವಿನಂತೆ ಅದೂ ಸಂಕಟವೇ. ಮನೆ ಸ್ವಚ್ಛವಾಗುವುದೊಂದೇ ಲಾಭ.

ಕೂಟದ ದಿನವೂ ಬಂತು. ನನ್ನ ಕೈಯಲ್ಲಿ ಪ್ರಾರ್ಥನೆ ಇರಲಿಲ್ಲ. ಗಿಣಿಗೇರಾದಿಂದ ಗಂಗಾವತಿಗೆ ರೈಲು ಹತ್ತಿ, ತೊಡೆಯ ಮೇಲೆ ಪರ್ಸು, ಪರ್ಸಿನ ಮೇಲೆ ಕಾಗದ ಇಟ್ಟುಕೊಂಡು ಕೊನೆಯ ಪ್ರಯತ್ನಕ್ಕೆ ಕೂತೆ. ಎದುರಿನ ಸೀಟಿನ ಗೃಹಸ್ಥರು ‘ಅಕ್ಕಾರ, ಕೋರ್ಟಿನ ಕಾಗದೇನ್ರಿ? ಭಾಳ ಹೊಡದಾಕ್ಕೊಂತ ಹೊಂಟೀರಿ’ ಎಂದರು. ಹೌದೆಂದೆ. ಒಂಥರಾ ಅದೂ ನಿಜವೇ. ಗದ್ದೆಗಳು ಕಾಣಿಸತೊಡಗುವ ಹೊತ್ತಿಗೆ ಕಾಗದದ ಎರಡೂ ಬದಿ ತುಂಬಿತ್ತು, ಎರಡೂ ಬದಿ ಹೊಡೆದುಹಾಕಿದ್ದಾಗಿತ್ತು. ಉಳಿದದ್ದು ಮೇಲಿನ ಒಂದೇ ಶಬ್ದ. ಪರಲೋಕ, ಕರುಣಾಮಯ ಎಲ್ಲ ಹೋಗಿ ಅಲ್ಲಿ ‘ಯಪ್ಪಾ’ ಎಂದಿತ್ತು.

ಮನೆಯ ಮುಂದೆ ಶಾಮಿಯಾನ, ಕುರ್ಚಿ, ಒಳಗಿನಿಂದ ಮಸಾಲೆಯ ವಾಸನೆ. ಶಾಂತಮ್ಮ ಮೊಣಕಾಲು ಹಿಡಿದುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಪಾಸ್ಟರ್ ಪ್ರಸಂಗ ಮುಗಿಸುತ್ತ ಬಂದಾಗ ಅಣ್ಣನ ಮಗ ಪ್ರಕಾಶ ನನ್ನ ಕಿವಿಯ ಹತ್ತಿರ ಬಗ್ಗಿದ.

‘ಅತ್ತಿ, ಅವ್ವ ಮಾಡ್ತಾಳೇನ? ಇಲ್ಲಂದ್ರ ಪಾಸ್ಟರಿಗೇ ಮುಗಿಸ್ರಿ ಅಂತೀನಿ. ನಾಕ ಮಂದ್ಯಾಗ ಆಕಿಗೆ ಮುಜುಗರ ಬ್ಯಾಡ.’

‘ಸ್ವಲ್ಪ ತಡಿ’ ಎಂದೆ.

ವೈನಿ ನನ್ನ ಕಡೆ ಕೈ ಚಾಚಿದರು. ಕಾಗದ ಕೊಟ್ಟೆ. ನಾಚಿಕೆಯಿಂದ ಅವರ ಮುಖ ನೋಡಲಿಲ್ಲ, ಅವರ ಚಪ್ಪಲಿ ನೋಡುತ್ತ ನಿಂತೆ. ಅವರು ಕನ್ನಡಕ ಹಾಕಿಕೊಂಡು ಎದ್ದು ನಿಂತರು. ಎಲ್ಲರೂ ಕಣ್ಣು ಮುಚ್ಚಿದರು. ಕಾಗದ ತಿರುಗಿಸಿದ ಸದ್ದಾಯಿತು, ಮತ್ತೆ ತಿರುಗಿಸಿದ ಸದ್ದಾಯಿತು. ಯಾರೋ ಕೆಮ್ಮಿದರು. ಮೂಗಿನಿಂದ ನಕ್ಕಂಥ ಒಂದು ಸಣ್ಣ ಉಸಿರು ನನ್ನ ಪಕ್ಕದಲ್ಲೇ, ವೈನಿಯ ಕಡೆಯಿಂದ, ಕೇಳಿಸಿತು.

‘ಯಪ್ಪಾ’ ಎಂದರು ವೈನಿ. ಒಂದು ವರ್ಷ ಮುಚ್ಚಿದ್ದ ಬಾಗಿಲಿನಂತೆ ದನಿ ಕಿರುಗುಟ್ಟಿತು. ‘ನಮ್ಮ ಗ್ರೇಸಿ ನನ್ನ ಸಲುವಾಗಿ ಪ್ರಾರ್ಥನಾ ಬರದಾಳ. ಬರದು ಎಲ್ಲಾ ಹೊಡದಾಳ. ಇಂಗ್ಲಿಷ್ ಸಾಲಿ ಕಲತಾಕಿ, ಆಕಿಗೇ ಬರವಲ್ದು, ನನಗ ಹ್ಯಾಂಗ ಬರಬೇಕು. ಆಕಿಗೆ ಅಣ್ಣ ಆತ, ನನಗ ಗಂಡ. ಹೊಡದದ್ದರ ಕೆಳಗ ಏನೈತಿ ಅಂತ ನಿನಗ ಕಾಣತೈತಿ. ಓದ್ಕೋ. ಮಂದಿಗೆ ಹಸಿವ್ಯಾಗೈತಿ. ಆಮೆನ್.’

ಆಮೆನ್ ಎನ್ನಲು ಜನ ತಡಮಾಡಿದರು. ಇಷ್ಟು ಬೇಗ ಮುಗಿಯುತ್ತದೆಂದು ಯಾರೂ ಎಣಿಸಿರಲಿಲ್ಲ. ಶಾಂತಮ್ಮ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ‘ನನ್ನ ಮಣಕಾಲ ಮರತಿ ನೋಡ ಸಲೋಮಿ’ ಎಂದಳು. ‘ಮುಂದಿನ ವಾರ ಹೇಳ್ತೀನಿ ತಡಿ’ ಎಂದರು ವೈನಿ. ಆ ‘ಮುಂದಿನ ವಾರ’ ಕೇಳಿ ಪ್ರಕಾಶ ನನ್ನ ಕೈ ಹಿಡಿದುಕೊಂಡ. ಊಟಕ್ಕೆ ಕೂತಾಗ ಪಾಸ್ಟರ್ ನನ್ನ ಹತ್ತಿರ ಬಂದು, ‘ಟೀಚರ್ರ, ಆ ಪ್ರಾರ್ಥನೆದ್ದು ಒಂದ ಕಾಪಿ ಕೊಡ್ರಿ, ಸಭೆಯ ಪತ್ರಿಕೆಗೆ ಹಾಕೋಣ’ ಎಂದರು. ಕಾಗದ ವೈನಿಯ ಹತ್ತಿರ ಇದೆ, ಅವರನ್ನೇ ಕೇಳಿ ಎಂದೆ. ಅವರು ಕೇಳಲಿಲ್ಲ.

ಈಗ ಗುರುವಾರ ಮಧ್ಯಾಹ್ನ ನಮ್ಮಿಬ್ಬರಿಗೆ ಫೋನಿನಲ್ಲೇ ಕೂಟ. ‘ಏನ ಬರದೀ?’ ಎನ್ನುತ್ತಾರೆ. ಬರೆದದ್ದನ್ನು ಓದುತ್ತೇನೆ, ಯಾಕೆ ಹೊಡೆದೆ ಎಂದು ಹೇಳುತ್ತೇನೆ, ಅವರು ತಮ್ಮದೊಂದು ಮಾತು ಸೇರಿಸುತ್ತಾರೆ, ಮೊದಲಿನಷ್ಟು ಉದ್ದಕ್ಕಲ್ಲ. ಶಾಂತಮ್ಮನ ಮೊಣಕಾಲು ಈಗಾಗಲೇ ಬಂದುಹೋಗಿದೆ. ನನಗೀಗ ಬರವಣಿಗೆ ಸಲೀಸಾಗಿ ಓಡಿದರೆ ಭಯವಾಗುತ್ತದೆ, ಇದನ್ನು ಯಾರಿಗೆ ಕೇಳಿಸಲೆಂದು ಬರೆಯುತ್ತಿದ್ದೇನೆ ಎಂದು. ಕಷ್ಟವಾದರೆ, ಸರಿಯಾದ ಬಾಗಿಲಲ್ಲೇ ನಿಂತಿರಬಹುದೆಂದು ಸ್ವಲ್ಪ ಧೈರ್ಯ.

ಹೋದ ಗುರುವಾರ ಒಂದು ಸಾಲು ಹೊಡೆಯದೆ ಉಳಿಯಿತು. ಓದಿ ಹೇಳಿದೆ: ‘ಯಪ್ಪಾ, ಅಂವ ಇಲ್ಲ, ನೀ ಅದೀ. ಎರಡೂ ನನಗ ಇನ್ನೂ ತಿಳಿವಲ್ದು.’

ವೈನಿ ಆ ಸಾಲನ್ನು ತಾವೇ ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಆಮೇಲೆ, ‘ಛಲೋ ಐತಿ ಗ್ರೇಸಿ’ ಎಂದರು. ‘ನಾಳಿ ಮತ್ತೊಮ್ಮಿ ನೋಡು.’